ಶಿಡ್ಲಘಟ್ಟದಲ್ಲಿ ಇಳಿಯದ ಲೋಕಸಭೆ

ಎರಡು ವರ್ಷ ಏಳು ತಿಂಗಳ ಕಾಲ ನಾನು ಲೋಕಸಭೆಯ ಅಧ್ಯಕ್ಷೆಯಾಗಿದ್ದೆ. ದೆಹಲಿಯ ದಾಖಲೆಗಳಲ್ಲಿ ಇದಕ್ಕೆ ಆಧಾರ ದೊರೆಯುವುದಿಲ್ಲ. ಹುಡುಕುವ ಶ್ರಮವನ್ನು ಯಾರೂ ತೆಗೆದುಕೊಳ್ಳಬೇಕಾಗಿಲ್ಲ. ನಮ್ಮ ಸದನ ಸೇರುತ್ತಿದ್ದುದು ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿಗಳ ಕಡೆಗೆ ಬೆಳಿಗ್ಗೆ ಹೊರಡುವ ಪುಟ್ಟ ರೈಲಿನಲ್ಲಿ, ಎಂಜಿನ್ನಿನಿಂದ ಮೂರನೆಯ ಡಬ್ಬಿಯಲ್ಲಿ.

ಅರವತ್ತರ ದಶಕದ ಮೊದಲ ವರ್ಷಗಳವು. ಶಿಡ್ಲಘಟ್ಟದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ; ಮನೆ ಚಿಕ್ಕಬಳ್ಳಾಪುರದಲ್ಲಿತ್ತು. ನನ್ನ ಹಾಗೆಯೇ ದಿನವೂ ಹೋಗಿಬರುವವರು ಇನ್ನೂ ನಾಲ್ವರಿದ್ದರು. ತಾಲ್ಲೂಕು ಕಚೇರಿಯ ಶಿರಸ್ತೇದಾರರು ತಲೆಗೆ ಪೇಟವಿಲ್ಲದೆ ಪ್ಲಾಟ್‌ಫಾರಂ ಮೇಲೆ ಕಾಲಿಡುತ್ತಿರಲಿಲ್ಲ. ರೇಷ್ಮೆಗೂಡಿನ ವ್ಯಾಪಾರದ ಸಾಹೇಬರು ಮನೆಯಲ್ಲಿ ಉರ್ದುವನ್ನೂ ಮಾರುಕಟ್ಟೆಯಲ್ಲಿ ತೆಲುಗನ್ನೂ ಜಗಳದಲ್ಲಿ ಕನ್ನಡವನ್ನೂ ಆಡುತ್ತಿದ್ದರು. ಗಂಡುಮಕ್ಕಳ ಹೈಸ್ಕೂಲಿನ ಗಣಿತದ ಮೇಷ್ಟ್ರು ಗೌರಿಬಿದನೂರಿನವರು. ಮಾತು ಕಡಿಮೆ, ಲೆಕ್ಕ ಹೆಚ್ಚು. ನಾಲ್ಕನೆಯವರು ಆಸ್ಪತ್ರೆಯ ನರ್ಸಮ್ಮ. ಅವರ ತಗಡಿನ ಪೆಟ್ಟಿಗೆಯಲ್ಲಿ ಒಂದು ಭಾಗ ಔಷಧವಿದ್ದರೆ ಮೂರು ಭಾಗ ಹುರಿದ ಕಡಲೆಕಾಯಿ ಇರುತ್ತಿತ್ತು.

ಸದನ ಹುಟ್ಟಿದ್ದು ಜಗಳದಿಂದ. ಬೆಂಗಳೂರಿನಿಂದ ಬರುವ ಪತ್ರಿಕೆಯನ್ನು ಕೊಳ್ಳುತ್ತಿದ್ದವರು ಶಿರಸ್ತೇದಾರರು; ಮೊದಲು ಓದುತ್ತಿದ್ದವರು ಸಾಹೇಬರು. ಹಿಂದಿನ ದಿನ ಲೋಕಸಭೆಯಲ್ಲಿ ಏನು ನಡೆಯಿತೆಂಬುದನ್ನು ಇಬ್ಬರೂ ಏಕಕಾಲದಲ್ಲಿ ವಿವರಿಸುತ್ತಿದ್ದರು. ಇಬ್ಬರು ಒಟ್ಟಿಗೆ ಮಾತನಾಡುವುದನ್ನು ನಾನು ಸಹಿಸಲಾರೆ. ಒಂದು ದಿನ ತರಗತಿಯ ಅಭ್ಯಾಸಬಲದಿಂದ ಛತ್ರಿಯ ಹಿಡಿಯಿಂದ ಹಲಗೆಯನ್ನು ಎರಡು ಸಲ ಕುಟ್ಟಿ, "ಒಬ್ಬೊಬ್ಬರಾಗಿ!" ಎಂದೆ. ಇಬ್ಬರೂ ಬಾಯಿ ಮುಚ್ಚಿದರು.

"ಅರೆ! ಸ್ಪೀಕರ್ ಸಿಕ್ಬಿಟ್ರು ಕಣ್ರೀ," ಎಂದರು ಸಾಹೇಬರು.

ಅವರು ತಮಾಷೆಗೆ ಹೇಳಿದ್ದನ್ನು ನಾನು ನಿಷ್ಠೆಯಿಂದ ಸ್ವೀಕರಿಸಿದೆ. ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಬೀರುವಿನ ಕುಂಟು ಕಾಲಿಗೆ ಆಸರೆಯಾಗಿದ್ದ, ಸಂಸತ್ತಿನ ಕಾರ್ಯಕಲಾಪಗಳ ಇಂಗ್ಲಿಷ್ ಪುಸ್ತಕವೊಂದನ್ನು ಶಿರಸ್ತೇದಾರರು ತಂದುಕೊಟ್ಟರು. ಕೊನೆಯ ಪುಟಗಳನ್ನು ಗೆದ್ದಲು ತಿಂದಿತ್ತು. ಉಳಿದದ್ದನ್ನು ನಾನು ಕನ್ನಡಕ್ಕೆ ಇಳಿಸಿ, ಇನ್ನೂರು ಪುಟದ ನೋಟ್ ಪುಸ್ತಕವೊಂದರಲ್ಲಿ ಅಂದವಾಗಿ ಬರೆದೆ. ಅಂದಿನಿಂದ ಶಿರಸ್ತೇದಾರರೂ ಮೇಷ್ಟ್ರೂ ಸರ್ಕಾರವಾದರು. ಸಾಹೇಬರೂ ನರ್ಸಮ್ಮನೂ ವಿರೋಧಪಕ್ಷವಾದರು.

ದೆಹಲಿಯ ದಿನಚರಿ ಹೇಗೋ ನಮ್ಮದೂ ಹಾಗೆಯೇ. ರೈಲು ಕೂಗಿದೊಡನೆ ಪ್ರಶ್ನೋತ್ತರ ಆರಂಭ. ನಂದಿಯ ಕಡೆಯ ಬೆಟ್ಟಗಳು ಕಿಟಕಿಯಿಂದ ಮರೆಯಾಗುವ ಹೊತ್ತಿಗೆ ಅದು ಮುಗಿಯಬೇಕು. ಬಳಿಕ ಸದನದ ಮೇಜಿನ ಮೇಲೆ ಕಾಗದಪತ್ರಗಳನ್ನಿಡುವುದು. ಮೇಜಿಲ್ಲದ್ದರಿಂದ ನರ್ಸಮ್ಮನ ಪೆಟ್ಟಿಗೆಯ ಮೇಲೆ. ಅನಂತರ ಗಮನ ಸೆಳೆಯುವ ಸೂಚನೆ, ಕೊನೆಗೆ ಮಸೂದೆ. ದೆಹಲಿಯ ಸುದ್ದಿ ತೆಳುವಾಗಿದ್ದ ದಿನ ಊರಿನ ವಿಷಯವೇ ರಾಷ್ಟ್ರೀಯ ವಿಷಯವಾಗುತ್ತಿತ್ತು.

"ಅಧ್ಯಕ್ಷರೇ, ಆಸ್ಪತ್ರೆ ಮುಂದಿನ ಮೋರಿ ಮೇಲೆ ಚಪ್ಪಡಿ ಯಾವಾಗ ಹಾಕ್ತಾರೆ ಅಂತ ಸರ್ಕಾರದೋರು ಹೇಳ್ತಾರಾ?" ಎಂದು ನರ್ಸಮ್ಮ ಕೇಳುವರು.

"ಮಾಹಿತಿ ಸಂಗ್ರಹಿಸಲಾಗುತ್ತಿದೆ," ಎಂದು ಶಿರಸ್ತೇದಾರರು ಗಂಭೀರವಾಗಿ ಉತ್ತರಿಸುವರು.

"ಉಪಪ್ರಶ್ನೆ! ಮೊನ್ನೆ ಆ ಮೋರೀಲಿ ಬಿದ್ದಿದ್ದು ತಾವೇ ಅನ್ನೋ ಮಾಹಿತಿ ಸರ್ಕಾರದ ಹತ್ರ ಇದೆಯಾ?" ಎಂದು ಸಾಹೇಬರು ಕೇಳುವರು.

ನಾನು ಛತ್ರಿ ಕುಟ್ಟುತ್ತಿದ್ದೆ.

ಹೀಗೆ ರಾಷ್ಟ್ರವನ್ನು ನಡೆಸುತ್ತಿದ್ದ ನನ್ನ ಸ್ವಂತ ನೌಕರಿ ಮಾತ್ರ ಇನ್ನೂ ಕಾಯಂ ಆಗಿರಲಿಲ್ಲ. ಮನೆಯಲ್ಲಿ ದುಡಿಯುತ್ತಿದ್ದವಳು ನಾನೊಬ್ಬಳೇ. ಒಂದು ಮಾಘದಲ್ಲಿ ಮುಖ್ಯೋಪಾಧ್ಯಾಯಿನಿಯವರು ನನ್ನನ್ನು ಕರೆದು ಹೇಳಿದರು: "ಗುರುವಾರ ಇನ್ಸ್‌ಪೆಕ್ಟ್ರೆಸ್ ಬರ್ತಾರಮ್ಮ, ನಿನ್ನ ಪಾಠ ನೋಡೋಕೇ. ಒಳ್ಳೇ ಷರಾ ಬರೆದ್ರೆ ಕಾಯಂ. ಇಲ್ದಿದ್ರೆ ಬೇಸಿಗೆ ರಜಾಕ್ಕೆ ಹೋದೋಳು ವಾಪಸ್ ಬರೋದು ಬೇಡ. ಮೊದಲ್ನೇ ಗಂಟೆಗೆ ಮುಂಚೆ ಕ್ಲಾಸಲ್ಲಿರು."

ವಿಷಯ ತಿಳಿದ ಸದನವು ನನ್ನ ಯಶಸ್ಸನ್ನು ಹಾರೈಸುವ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿತು. ನಾನು ಪಾಠದ ಟಿಪ್ಪಣಿಯನ್ನು ಮೂರು ಸಲ ಪ್ರತಿ ಮಾಡಿದೆ. ಹೊಸ ಸೀಮೆಸುಣ್ಣದ ಪೆಟ್ಟಿಗೆ ಕೊಂಡೆ.

ಆ ಗುರುವಾರ ಡಬ್ಬಿ ತುಂಬಿತ್ತು. ಮುರುಗಮಲ್ಲದ ದರ್ಗಾಕ್ಕೆ ಹೊರಟ ಕುಟುಂಬವೊಂದು ಗಂಟುಮೂಟೆಗಳೊಡನೆ ಎದುರು ಹಲಗೆಯಲ್ಲಿ ಕುಳಿತಿತ್ತು. ನಿಯಮದಂತೆ ಅವರನ್ನು ಪ್ರೇಕ್ಷಕರ ಗ್ಯಾಲರಿ ಎಂದು ಪರಿಗಣಿಸಿದೆವು. ಅಂದಿನ ಕಲಾಪಪಟ್ಟಿಯಲ್ಲಿದ್ದುದು ಕಡಲೆಕಾಯಿ ಸಿಪ್ಪೆ ನಿಷೇಧ ಮಸೂದೆ. ಡಬ್ಬಿಯ ನೆಲದ ಮೇಲೆ ಯಾರೂ ಸಿಪ್ಪೆ ಬೀಳಿಸಕೂಡದೆಂಬುದು ಅದರ ಸಾರ. ಮಂಡಿಸಿದವರು ಶಿರಸ್ತೇದಾರರು. ಕರಡನ್ನು ಬರೆದುಕೊಟ್ಟವಳು ನಾನೆಂಬುದು ಗುಟ್ಟಾಗಿತ್ತು. ಅಧ್ಯಕ್ಷರಾದವರು ಪಕ್ಷಾತೀತರಾಗಿ ಕಾಣಿಸಬೇಕು.

"ಸಿಪ್ಪೆ ಕೆಳಗೆ ಹಾಕ್ಬಾರ್ದಂತೆ," ಎಂದು ಸಾಹೇಬರು ಗುಡುಗಿದರು. "ಮತ್ತೆಲ್ಲಿ ಹಾಕೋದು ಅಧ್ಯಕ್ಷರೇ? ಶಿರಸ್ತೇದಾರ್ ಸಾಹೇಬ್ರ ಪೇಟದೊಳಗಾ?"

"ಅದನ್ನ ಕಡತದಿಂದ ತೆಗೀಬೇಕು! ಪೇಟ ಅಸಂಸದೀಯ ಪದ!" ಎಂದರು ಶಿರಸ್ತೇದಾರರು.

ಪೇಟವೆಂಬ ಪದ ಸಂಸದೀಯವೇ, ಅದರೊಳಗೆ ಸಿಪ್ಪೆ ತುಂಬುವ ಸಲಹೆ ಮಾತ್ರ ಅಸಂಸದೀಯವೆಂದು ನಾನು ತೀರ್ಪಿತ್ತೆ.

"ಕಿಟಕೀಲಿ ಹಾಕಣ ಅಂದ್ರೆ ಗಾಳಿಗೆ ಹಿಂದಿನ ಡಬ್ಬಿಯೋರ ಕಣ್ಣಿಗೆ ಬೀಳ್ತದೆ ಕಣಪ್ಪ," ಎಂದರು ನರ್ಸಮ್ಮ. "ಆಮೇಲೆ ಅವರ ಕಣ್ಣಿಗೆ ಔಷಧಿ ಹಾಕೋಳು ಯಾರು? ನೇನೇ ಕದಾ, ನಾನೇ!"

ಗ್ಯಾಲರಿಯಲ್ಲಿದ್ದ ಅಜ್ಜಿಗೆ ಕನಿಕರ ಉಕ್ಕಿತು. "ಯಾಕಪ್ಪ ಒಂದೇ ಮನೆಯೋರು ಹಿಂಗೆ ಕಿತ್ತಾಡ್ತೀರ? ನಮ್ ಜೊತೆ ದರ್ಗಾಕ್ಕೆ ಬನ್ನಿ, ಎಲ್ಲಾ ಸರಿಹೋಗ್ತದೆ," ಎಂದರು.

ಚರ್ಚೆ ಮುಗಿದು ಮಸೂದೆಯನ್ನು ಮತಕ್ಕೆ ಹಾಕಿದೆ. ಮತ ಎಣಿಸುವಾಗ ಸದನದ ಬಾಗಿಲು ಮುಚ್ಚಿರಬೇಕು. ಮೇಷ್ಟ್ರು ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿ ಬಂದರು. ಪರವಾಗಿ ಎರಡು ಮತ, ವಿರೋಧವಾಗಿ ಎರಡು. ಸಮಸಮ. ಮತದಾನದ ಹೊತ್ತಿಗೆ ಒಬ್ಬರಾದರೂ ಪಕ್ಷ ಬದಲಿಸುವುದು ವಾಡಿಕೆ; ಅಂದು ಯಾರೂ ಬದಲಿಸದೆ, ಎರಡು ವರ್ಷಗಳಲ್ಲಿ ಮೊದಲ ಬಾರಿಗೆ ಅಧ್ಯಕ್ಷರ ನಿರ್ಣಾಯಕ ಮತ ಬೇಕಾಯಿತು.

ಇಲ್ಲಿ ನನಗೆ ಸಂಕಟ ಒದಗಿತು. ಸಿಪ್ಪೆಯನ್ನು ನನ್ನಷ್ಟು ದ್ವೇಷಿಸುತ್ತಿದ್ದವರು ಆ ಡಬ್ಬಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೆ ಅಧ್ಯಕ್ಷರ ಮತವು ಇರುವ ಸ್ಥಿತಿಯನ್ನು ಕಾಯಬೇಕೆಂಬುದು ಸಂಸತ್ತಿನ ಸಂಪ್ರದಾಯ. ಎಂದರೆ ನಾನು ಸಿಪ್ಪೆಯ ಪರವಾಗಿ ಮತ ನೀಡಬೇಕು. ಇಷ್ಟು ಕಹಿಯಾದ ಕರ್ತವ್ಯವನ್ನು ಕಾರಣ ಹೇಳದೆ ಮಾಡಲು ಮನಸ್ಸು ಒಪ್ಪಲಿಲ್ಲ. ಸಾಮಾನಿನ ಹಲಗೆಯನ್ನು ಒಂದು ಕೈಯಲ್ಲಿ ಹಿಡಿದು ಎದ್ದು ನಿಂತೆ. ಅಧ್ಯಕ್ಷರು ನಿಂತಿರುವಾಗ ಸದಸ್ಯರು ಕುಳಿತೇ ಇರಬೇಕು.

ರೈಲು ಶಿಡ್ಲಘಟ್ಟದಲ್ಲಿ ನಿಂತದ್ದು ನನಗೆ ತಿಳಿಯಲಿಲ್ಲವೆಂದರೆ ಸುಳ್ಳಾಗುತ್ತದೆ. ತಿಳಿಯಿತು. ಎಂಜಿನ್ನು ಅಲ್ಲಿ ದಿನವೂ ಹತ್ತು ನಿಮಿಷ ನೀರು ಕುಡಿಯುತ್ತಿತ್ತು, ಅವಸರವಿಲ್ಲವೆಂದು ಭಾವಿಸಿದೆ. ಆಗ ನಾನು ಎರಡನೆಯ ಅಂಶದ ನಡುವೆ ಇದ್ದೆ, ವಾಕ್ಯವಿನ್ನೂ ಕ್ರಿಯಾಪದವನ್ನು ಮುಟ್ಟಿರಲಿಲ್ಲ. ಶಿರಸ್ತೇದಾರರು ಅರ್ಧ ಎದ್ದರು. ನಾನು ನೋಡಿದೆ. ಕುಳಿತರು. ಹೊರಗಿನಿಂದ ಯಾರೋ ಬಾಗಿಲು ಬಡಿದಾಗ ಸಾಹೇಬರು, "ಓಟು ನಡೀತಾ ಇದೆ, ಪಕ್ಕದ ಡಬ್ಬಿ ನೋಡ್ಕೊಳ್ಳಪ್ಪ!" ಎಂದು ಕೂಗಿದರು.

ಅಂದು ಎಂಜಿನ್ನಿಗೆ ಬಾಯಾರಿರಲಿಲ್ಲ. "ಆದುದರಿಂದ ಈ ಮಸೂದೆ ಬಿದ್ದುಹೋಗಿದೆಯೆಂದು ಘೋಷಿಸುತ್ತೇನೆ" ಎಂದು ನಾನು ಕುಳಿತುಕೊಳ್ಳುವಷ್ಟರಲ್ಲಿ ಪ್ಲಾಟ್‌ಫಾರಮ್ಮಿನ ಬೇವಿನ ಮರ ಹಿಂದಕ್ಕೆ ಸರಿಯುತ್ತಿತ್ತು.

"ಅಯ್ಯೋ ತಲ್ಲೀ, ನಿನ್ನ ಇನ್ಸ್‌ಪೆಕ್ಟ್ರೆಸ್ಸು!" ಎಂದು ನರ್ಸಮ್ಮ ಎದೆ ಬಡಿದುಕೊಂಡರು. ಹಿಂದಕ್ಕೆ ಹೋಗಲು ಇದ್ದುದು ಒಂದೇ ದಾರಿ: ಚಿಂತಾಮಣಿಯವರೆಗೆ ಹೋಗಿ, ಕೋಲಾರದ ಕಡೆಯಿಂದ ಬಂದು ಅಲ್ಲಿ ಕಾಯುತ್ತಿರುವ ಎದುರು ರೈಲನ್ನು ಹತ್ತುವುದು. ಮೇಷ್ಟ್ರು ಲೆಕ್ಕ ಹಾಕಿ, ಶಾಲೆಯ ಮೊದಲ ಗಂಟೆ ಹೊಡೆದ ಎಷ್ಟು ಹೊತ್ತಿನ ಮೇಲೆ ನಾನು ತಲುಪುವೆನೆಂದು ನಿಮಿಷ ಸಹಿತ ತಿಳಿಸಿದರು. ಅದನ್ನು ಯಾರೂ ಕೇಳಿರಲಿಲ್ಲ.

ಚಿಂತಾಮಣಿಯಲ್ಲಿ ಹಳಿ ದಾಟಿ, ಎದುರು ರೈಲಿನ ಮೊದಲು ಸಿಕ್ಕ ಡಬ್ಬಿಗೆ ಐವರೂ ನುಗ್ಗಿದೆವು. ಮೂಲೆಯಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬರು ನೆಟ್ಟಗೆ ಕುಳಿತಿದ್ದರು. ತೊಡೆಯ ಮೇಲೆ ದಾರ ಕಟ್ಟಿದ ಫೈಲಿತ್ತು. ಎದುರಿಗಿರುವ ಅಕ್ಷರವನ್ನು ಓದದೆ ಬಿಡುವುದು ನನ್ನ ಕೈಯಲ್ಲಾಗದು. ಫೈಲಿನ ಮೇಲೆ ದುಂಡಗೆ ಬರೆದಿದ್ದುದು ನಮ್ಮ ಶಾಲೆಯ ಹೆಸರು. ಅದರ ಕೆಳಗೆ ನನ್ನ ಹೆಸರು.

ನನ್ನ ನಾಲಿಗೆ ಒಣಗಿತು. ಉಳಿದವರ ನಾಲಿಗೆಗಳು ಒಣಗಿರಲಿಲ್ಲ.

"ಅಧ್ಯಕ್ಷರ ಮೇಲೆ ಅವಿಶ್ವಾಸ ನಿರ್ಣಯ ತರ್ತೀನಿ," ಎಂದರು ಸಾಹೇಬರು.

"ತಪ್ಪು ಅವರದಲ್ಲ ಕಣ್ರೀ," ಎಂದರು ಶಿರಸ್ತೇದಾರರು. "ಸಭೆ ಯಾವಾಗ ಮುಗಿಸ್ಬೇಕು ಅನ್ನೋ ಪುಟಾನೇ ಗೆದ್ದಲು ತಿಂದಿತ್ತು."

"ಅದು ಬಿಡಿ, ಟೀಚರಮ್ಮನ ಗತಿ ಏನು?" ಎಂದರು ನರ್ಸಮ್ಮ. "ಆ ಇನ್ಸ್‌ಪೆಕ್ಟ್ರೆಸ್ಸು ಭಾರಿ ಜಗಮೊಂಡಿ ಅಂತೆ. ಅವಳು ಕ್ಲಾಸೊಳಕ್ಕೆ ಬಂದಿದ್ದೇ ಒಬ್ಬ ಮೇಷ್ಟ್ರು ಎರಡರ ಮಗ್ಗಿ ಮರ್ತುಬಿಟ್ನಂತೆ!"

ನಾನು ಕಣ್ಣಿನಿಂದ ಮೂಲೆಯ ಕಡೆಗೆ ಸನ್ನೆ ಮಾಡಿದೆ. ಮತ್ತೊಮ್ಮೆ ಮಾಡಿದೆ.

"ಕಣ್ಣಿಗೇನಾಯ್ತು ತಲ್ಲೀ? ಸಿಪ್ಪೆ ಬಿತ್ತಾ?"

ಮೂಲೆಯವರು ಮೊದಲ ಬಾರಿಗೆ ಮಾತನಾಡಿದರು. "ಏನು ಸಮಾಚಾರ?"

ಕೇಳಿದ್ದೇ ತಡ, ಸಾಹೇಬರು ಕಡಲೆಕಾಯಿಯಿಂದ ಬೇವಿನ ಮರದವರೆಗೆ ಎಲ್ಲವನ್ನೂ ಅಭಿನಯ ಸಹಿತ ನಿರೂಪಿಸಿದರು. ಆಕೆ ನಗಲಿಲ್ಲ. ನರ್ಸಮ್ಮ ಅಷ್ಟರಲ್ಲಿ ಪೆಟ್ಟಿಗೆಯಿಂದ ಕಾಗದ, ಪೆನ್ಸಿಲ್ ತೆಗೆದಿದ್ದರು.

"ಜ್ವರ ಅಂತ ಬರ್ಕೊಡ್ತೀನಿ. ನೂರಾ ಮೂರು ಡಿಗ್ರಿ."

"ನೂರಾ ಎರಡು ಸಾಕು," ಎಂದರು ಶಿರಸ್ತೇದಾರರು. "ನೂರಾ ಮೂರು ಅಂದು ಇವತ್ತೇ ಪಾಠ ಮಾಡಿದ್ರೆ ಅನುಮಾನ ಬರ್ತದೆ."

"ನೂರಾ ಎರಡೂವರೆ," ಎಂದರು ಮೇಷ್ಟ್ರು.

ಸರ್ಕಾರವೂ ವಿರೋಧಪಕ್ಷವೂ ಇಷ್ಟು ಬೇಗ ಒಂದಾದದ್ದನ್ನು ನಾನು ಕಂಡದ್ದು ಅಂದೇ ಮೊದಲು. ಮತ ಹಾಕುವುದೂ ಬೇಕಾಗಿರಲಿಲ್ಲ. ನರ್ಸಮ್ಮ ಬರೆದು, ಸಹಿ ಮಾಡಿ, ಕಾಗದವನ್ನು ಪೆಟ್ಟಿಗೆಯ ಮೇಲೆ ಇಟ್ಟರು. ನಾನು ಛತ್ರಿ ಕುಟ್ಟಿದೆ.

"ಇದು ಕ್ರಮಬದ್ಧವಲ್ಲ. ಸುಳ್ಳು ಕಾಗದವನ್ನು ಸದನದ ಮುಂದೆ ಇಡಲು ಬಹುಮತ ಸಾಲದು, ಸರ್ವಾನುಮತವೂ ಸಾಲದು."

"ನಿಮ್ ಕೆಲ್ಸ ಉಳಿಸೋಕೆ ಒದ್ದಾಡ್ತಿದೀವಿ ಕಣಮ್ಮ!" ಎಂದರು ಸಾಹೇಬರು.

"ಕಾಗದವನ್ನು ಹಿಂದಕ್ಕೆ ತೆಗೆದುಕೊಳ್ಳಿ."

ನರ್ಸಮ್ಮ ಗೊಣಗುತ್ತ ಅದರಲ್ಲಿ ಕಡಲೆಕಾಯಿ ಸುತ್ತಿದರು. ಮೂಲೆಯವರು ಕೈ ಚಾಚಿ ನನ್ನ ನಿಯಮಗಳ ನೋಟ್ ಪುಸ್ತಕವನ್ನು ಕೇಳಿ ಪಡೆದರು. ಶಿಡ್ಲಘಟ್ಟ ಬರುವವರೆಗೂ ತಲೆಯೆತ್ತದೆ ಓದಿದರು. ಒಂದೆರಡು ಕಡೆ ತಮ್ಮ ಪೆನ್ನಿನಿಂದ ಗುರುತು ಹಾಕಿದ್ದೂ ಕಂಡಿತು. ರೈಲು ನಿಧಾನಿಸಿದಾಗ ಪುಸ್ತಕವನ್ನು ಹಿಂದಿರುಗಿಸಿ, ಫೈಲನ್ನು ಎತ್ತಿಕೊಂಡು, ನನ್ನ ಮುಖ ನೋಡಿದರು.

"ಈ ಫೈಲ್ ಮೇಲಿನ ಹೆಸರು ಓದಿದ್ದು ರೂಲಿಂಗ್ ಕೊಡೋಕೆ ಮುಂಚೆಯೋ ಆಮೇಲೋ?"

ಉಳಿದ ನಾಲ್ವರೂ ಆಗ ಫೈಲನ್ನು ನೋಡಿದರು. ನರ್ಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸಾಹೇಬರು ಕಿಟಕಿಯ ಹೊರಗೆ ಅತ್ಯಂತ ಆಸಕ್ತಿಯಿಂದ ಏನನ್ನೋ ನೋಡತೊಡಗಿದರು.

ಆಮೇಲೆ ಎನ್ನುವುದು ಸುಲಭವಾಗಿತ್ತು; ಸಾಕ್ಷಿಗಳೂ ಇರಲಿಲ್ಲ. ಬಾಯಿಗೆ ಬಂದದ್ದು ಮಾತ್ರ ಇನ್ನೊಂದು ಮಾತು.

"ಮುಂಚೆ."

"ಓದದೇ ಇದ್ದಿದ್ರೆ?"

"ಗೊತ್ತಿಲ್ಲ ಮೇಡಂ. ಜ್ವರ ಬಂದಿದ್ರೂ ಬಂದಿರೋದು."

ಆಕೆಯ ತುಟಿಯ ಒಂದು ಕೊನೆ ಮಾತ್ರ ಅಲುಗಿತು. "ಜಟಕಾ ಹತ್ತಮ್ಮ, ಹೊತ್ತಾಯ್ತು," ಎಂದರು.

ಶಾಲೆಯ ಬಾಗಿಲಲ್ಲಿ ಬೈಗುಳವನ್ನು ಸಿದ್ಧವಾಗಿಟ್ಟುಕೊಂಡು ನಿಂತಿದ್ದ ಮುಖ್ಯೋಪಾಧ್ಯಾಯಿನಿಯವರು, ಜಟಕಾದಿಂದ ನನ್ನ ಹಿಂದೆ ಇಳಿದವರನ್ನು ಕಂಡು ಅದನ್ನು ನಮಸ್ಕಾರವಾಗಿ ಮಾರ್ಪಡಿಸಿದರು. ನಾನು ಪಾಠ ಮಾಡಿದೆ. ಇನ್ಸ್‌ಪೆಕ್ಟ್ರೆಸ್ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದರು. ನಾನು ಎರಡರ ಮಗ್ಗಿ ಹೇಳಬೇಕಾದ ಪ್ರಸಂಗ ಬರಲಿಲ್ಲ. ಸಂಜೆ ಮುಖ್ಯೋಪಾಧ್ಯಾಯಿನಿಯವರು ತಪಾಸಣೆಯ ಪುಸ್ತಕವನ್ನು ನನ್ನ ಮುಂದೆ ಇಟ್ಟರು.

"ತಡವಾಗಿ ಬಂದರು. ಕಾರಣವನ್ನು ಮುಚ್ಚಿಡಲಿಲ್ಲ. ಪಾಠ ಚೆನ್ನಾಗಿದೆ, ಕಾಯಂ ಮಾಡಬಹುದು. ಇನ್ನು ಮುಂದೆ ರೈಲಿನ ಬದಲು ಬಸ್ಸಿನಲ್ಲಿ ಬರತಕ್ಕದ್ದು."

ಮರುದಿನ ಬೆಳಿಗ್ಗೆ ನಾನು ಸ್ಟೇಷನ್ನಿಗೆ ಹೋಗಿ, ಇನ್ನೂರು ಪುಟದ ನೋಟ್ ಪುಸ್ತಕವನ್ನು ನರ್ಸಮ್ಮನ ಕೈಯಲ್ಲಿಟ್ಟು, ರಾಜೀನಾಮೆ ಸಲ್ಲಿಸಿ, ಬಸ್ ನಿಲ್ದಾಣಕ್ಕೆ ನಡೆದೆ. ಬಸ್ಸಿನಲ್ಲಿ ನಲವತ್ತು ಮಂದಿ ಒಟ್ಟಿಗೇ ಮಾತನಾಡುತ್ತಿದ್ದರು. ನಾನು ನಾಲ್ಕು ದಿನ ಛತ್ರಿ ಕುಟ್ಟದೆ ಸುಮ್ಮನಿದ್ದೆ.