ಮೂರು ನಿಮಿಷದ ಅಲಾರಂ

ಕ್ವೀನ್ಸ್‌ಬರಿಯ ದೋಸೆ ಹೋಟೆಲಿನ ಮಹಡಿಯಲ್ಲಿ ಹವಾಮಾನ ಹೋರಾಟಗಾರರ ಸಣ್ಣ ಸಭೆ. ಅಮೆರಿಕದ ಹಳ್ಳಿಯಿಂದ ಬಂದ ರೈತ ಮಹಿಳೆ ಕ್ಯಾರಲ್, ಮಾತಿಗೆ ಮೊದಲು ಫೋನಿನಲ್ಲಿ ಮೂರು ನಿಮಿಷದ ಅಲಾರಂ ಇಟ್ಟುಕೊಂಡರು. ಅವರ ರಾಜ್ಯದ ಶಾಸಕರ ಸಮಿತಿ ಊರವರಿಗೆ ಮಾತಾಡಲು ಕೊಡುವುದು ಅಷ್ಟೇ ಹೊತ್ತಂತೆ. ಅಷ್ಟರಲ್ಲಿ ನಾನು ಒಂದು ಕಾಫಿಯನ್ನೂ ಕುಡಿದು ಮುಗಿಸುವುದಿಲ್ಲ.

"ನಮ್ಮ ಬಾವಿಯ ಪಕ್ಕ ತೈಲದ ಪೈಪು ಬೇಡ ಅಂದೆ. ಸಮಿತಿಯ ಅಧ್ಯಕ್ಷ ನನ್ನ ತಮ್ಮನೇ. ಹೊತ್ತಾಯಿತೆಂದು ಮೈಕ್ ಆಫ್ ಮಾಡಿಸಿದ. ಮತ್ತೆ ನಾವು ಮಾತಾಡಲಿಲ್ಲ. ತಾನು ಸಾಯುವ ಹಿಂದಿನ ದಿನ ಅವನೇ ಫೋನ್ ಮಾಡಿ..."

ಅಲಾರಂ ಹೊಡೆಯಿತು. ಕ್ಯಾರಲ್ ಕುಳಿತುಬಿಟ್ಟರು.

ಹೋಟೆಲಿನ ಗಿರಿಜಕ್ಕ ಗಾಬರಿಯಲ್ಲಿ ಕನ್ನಡದಲ್ಲೇ ಅಂದರು: "ಹೇಳಿ ಮಾರಾಯ್ರೆ, ಇಲ್ಲಿ ಮೈಕೇ ಇಲ್ಲ!"

ಕ್ಯಾರಲ್ ಅಲಾರಂ ಆರಿಸಿ ಫೋನನ್ನು ಚೀಲಕ್ಕೆ ಹಾಕಿಕೊಂಡರು. ಆ ತಮ್ಮ ಫೋನಿನಲ್ಲಿ ಏನಂದನೆಂದು ಕೇಳುವ ಧೈರ್ಯ ನನಗೂ ಬರಲಿಲ್ಲ.