ಬೀಸುವ ಪದದಷ್ಟು ಹೊತ್ತು

ಮೊನ್ನೆ ಮೊಮ್ಮಗಳು ಹರಿದ ಕೊಡೆಯ ಕರಿಬಟ್ಟೆಯನ್ನು ತಲೆಯ ಮೇಲೆ ಎಳೆದುಕೊಂಡು ಗುಮ್ಮನಾಟ ಆಡುತ್ತಿದ್ದಳು. ಕೆಳಗೆ ಎರಡು ಕಾಲಷ್ಟೇ ಕಾಣುತ್ತಿದ್ದವು. ನನಗೆ ನಗು ಬಂತು, ಹಿಂದೆಯೇ ಕಣ್ಣೂ ತುಂಬಿತು. ಮಸ್ಕಿಯಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯ ಮಾಮಾ ಕರಿಬಟ್ಟೆ ಹೊದ್ದು ಕ್ಯಾಮೆರಾದ ಹಿಂದೆ ನಿಂತಾಗ ಹೀಗೆಯೇ ಕಾಣುತ್ತಿದ್ದರು…

ಆಗ ನಿಜಾಮರ ಕಾಲ. ಮಾಮಾ ಮನೆಯಲ್ಲಿ ಆಡುವುದು ದಖನಿ ಉರ್ದು, ನಮ್ಮ ಜೊತೆ ಕನ್ನಡ. ಅಣ್ಣತಮ್ಮಂದಿರಿಲ್ಲದ ಅವ್ವ ಅವರನ್ನೇ ‘ತಮ್ಮಾ’ ಎನ್ನುತ್ತಿದ್ದಳು, ಹಾಗಾಗಿ ನನಗೆ ಮಾಮಾ. ಲಿಂಗಸುಗೂರಿನಲ್ಲಿ ಸಾಹುಕಾರರ ಫೋಟೋ ತೆಗೆದು ಹೊಟ್ಟೆ ಹೊರೆಯುತ್ತಿದ್ದರೂ ಜೀವವೆಲ್ಲ ಗುಡ್ಡ, ಹಳ್ಳಗಳ ಮೇಲೆ.

“ಕಲ್ಲಿನ ಫೋಟೋ ಯಾರ್ ತಗೋತಾರ್ರೀ?” ಎಂದು ಓಣಿಯವರು ಕಾಡಿಸಿದರೆ, “ಕಲ್ಲು ಮಂದಿಗಿಂತ ಛಲೋ ನೋಡ್ರಿ. ಅಲ್ಲಾಡಂಗಿಲ್ಲ, ಮೂಗು ದಪ್ಪ ಬಂದೈತಿ ಅಂತ ಜಗಳಾನೂ ತೆಗಿಯಂಗಿಲ್ಲ” ಎನ್ನುತ್ತಿದ್ದರು.

ಅವರ ಫಿಲ್ಮು ಬಲು ನಿಧಾನದ್ದು. ಕ್ಯಾಮೆರಾದ ಮುಚ್ಚಳ ತೆಗೆದು ಬಹಳ ಹೊತ್ತು ಕಾಯಬೇಕು. ಗಡಿಯಾರವಿರಲಿಲ್ಲ. ನಸುಕಿನಲ್ಲಿ ಅವ್ವ ಬೀಸುತ್ತ ಹಾಡುವ ಪದವನ್ನು ಗೋಡೆಯಾಚೆಯಿಂದಲೇ ಕಲಿತಿದ್ದರು. ಅದನ್ನೇ ಗುನುಗಿ ಹೊತ್ತು ಅಳೆಯುತ್ತಿದ್ದರು. ಬಿಸಿಲಿದ್ದರೆ ಒಂದು ನುಡಿ, ಮೋಡವಿದ್ದರೆ ಎರಡು. ಅಷ್ಟುದ್ದ ಗಡ್ಡದ ಮನುಷ್ಯ ಹೆಂಗಸರ ಪದ ಹೇಳುವುದನ್ನು ನೋಡಿ ನಾವು ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದೆವು.

ನನ್ನ ಮದುವೆ ಸಿಂಧನೂರಿಗೆ ಗೊತ್ತಾಯಿತು. ಬರೀ ಎರೆಹೊಲದ ಬಯಲು; ಗುಡ್ಡ ನೋಡಬೇಕೆಂದರೆ ಮೇವಿನ ಬಣವಿಯೇ ಗತಿ! ಅತ್ತು ಕರೆದು ರಂಪ ಮಾಡಿದೆ. “ಸುಮ್ನಿರು ಬೇಟಿ, ನಿನ್ನ ಉಡಿಯಾಗ ಗುಡ್ಡಾನ ಹಾಕಿ ಕಳಸ್ತೀನಿ” ಎಂದರು ಮಾಮಾ. ನನಗೋ ಗುಡ್ಡದ ಜೊತೆ ಅವ್ವನೂ ಬೇಕು. ಅವ್ವ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂಬ ಹೆದರಿಕೆ ಆಗ ಊರಿಗೆಲ್ಲ ಇತ್ತು. ಅವಳಿಗೆ ತುಸು ಹೆಚ್ಚೇ.

ಒಂದು ಮುಂಜಾನೆ ಮಾಮಾ ಹಳ್ಳದ ದಂಡೆಯಲ್ಲಿ ಕ್ಯಾಮೆರಾ ನಿಲ್ಲಿಸಿದರು. ನೀರಿಗೆ ಬಂದ ಹೆಂಗಸರು ಗಾಬರಿಯಾದರು.

“ಹೆದರಬ್ಯಾಡ್ರಿ, ನಾ ಗುಡ್ಡ ತೆಗ್ಯಾಕತ್ತೀನಿ. ನಡಿಯೋರು ಇದರಾಗ ಬರಂಗಿಲ್ಲ, ನಿಂತೋರಷ್ಟ ಬರ್ತಾರ.”

“ಹಂಗಾದ್ರ ನಾ ನಿಲ್ಲಂಗಿಲ್ಲ ತಮ್ಮಾ, ಮೊದ್ಲ ಹೇಳೀನಿ!” ಎಂದು ಅವ್ವ ಕೊಡ ಎತ್ತಿಕೊಂಡಳು.

ಮಾಮಾ ಮುಚ್ಚಳ ತೆಗೆದು ಪದ ಶುರುಮಾಡಿದರು. ನಾನು ಸಿಟ್ಟಿನಿಂದ ಮುಖ ಊದಿಸಿಕೊಂಡು ಅವರ ಹಿಂದೆ ನೆಲ ನೋಡುತ್ತ ಕೂತಿದ್ದೆ.

ಮದುವೆಯಾಗಿ ಹೊರಡುವ ದಿನ ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬಿನ ಜೊತೆ ಮಾಮಾ ಕೊಟ್ಟ ಫೋಟೋವನ್ನೂ ಅವ್ವ ನನ್ನ ಉಡಿಗೆ ಹಾಕಿದಳು. ಗುಡ್ಡದ ಒಂದೊಂದು ಬಂಡೆಯೂ ಕಾಣುತ್ತಿತ್ತು. ಹಳ್ಳದ ನೀರು ಹಾಲಿನಂತಿತ್ತು. ಹೆಂಗಸರೆಲ್ಲ ಹೊಗೆಯಾಗಿ ಅಳಿಸಿಹೋಗಿದ್ದರು. ಒಬ್ಬಳು ಮಾತ್ರ ಸೊಂಟದ ಮೇಲೆ ಕೊಡ ಇಟ್ಟುಕೊಂಡು, ಸೆರಗಿನ ಅಂಚು ಸಹಿತ ಕಾಣುವಂತೆ, ನೆಟ್ಟಗೆ ನಿಂತಿದ್ದಳು.

“ಅವ್ವಾ! ನೀ ನಿಂತೀಯಲ್ಲ!”

“ನಿಂತ್ರ ಬರ್ತಾರ ಅಂದ್ನಲ್ಲ ಅಂವ. ಹೋದ್ರ ಹೋಗ್ಲೇಳು ಆಯುಷ್ಯ. ಅಲ್ಲಿ ನಿನ್ನ ಜೋಡಿ ಯಾರರ ಬೇಕಲ್ಲ.”

ಮಾಮಾ ಬಾಗಿಲಾಚೆಯಿಂದಲೇ ಹೇಳಿದರು. “ಅಕ್ಕಾ ನಿಂತದ್ದು ನೋಡಿ ನನಗ ಪದಾನ ಮರತು ಹೋತು. ಮತ್ತ ಮೊದಲಿಂದ ಹಾಡಿದೆ. ಅದಕ್ಕ ಬೆಳಕು ಹೆಚ್ಚಾಗಿ ಮುಗಿಲೆಲ್ಲ ಸುಣ್ಣ ಹೊಡೆದಂಗ ಬೆಳ್ಳಗಾಗೇತಿ, ಮಾಫ್ ಮಾಡು ಬೇಟಿ.”

ಆ ಫೋಟೋದ ನಂತರವೂ ಅವ್ವ ಬಹಳ ವರ್ಷ ಗಟ್ಟಿಯಾಗಿ ಬದುಕಿದಳು. ಮಾಮಾ ಮಾತ್ರ ನಿಜಾಮರ ಆಳ್ವಿಕೆ ಮುಗಿಯುವ ಮೊದಲೇ ಜ್ವರದಲ್ಲಿ ತೀರಿಕೊಂಡರು. ಅಷ್ಟು ಸಾಹುಕಾರರ ಫೋಟೋ ತೆಗೆದ ಅವರದೊಂದು ಫೋಟೋ ಎಲ್ಲೂ ಇಲ್ಲ. ಅವರ ಮುಖ ನೆನೆಸಿಕೊಳ್ಳಹೋದರೆ ಈಚೆಗೆ ಗಡ್ಡವಷ್ಟೇ ಬರುತ್ತದೆ, ಆಮೇಲೆ ಕರಿಬಟ್ಟೆ… ಸಂಕಟವಾಗುತ್ತದೆ.

“ತುಸು ನಿಲ್ಲವ್ವಾ” ಎಂದೆ ಮೊಮ್ಮಗಳಿಗೆ. ಅವಳು ಬಟ್ಟೆಯೊಳಗೇ ನಿಂತಳು. ನಾನು ಮೆಲ್ಲಗೆ ಆ ಪದ ಎತ್ತಿಕೊಂಡೆ. ಅದು ಬರುವವಳು ಈಗ ನಾನೊಬ್ಬಳೇ. ಒಂದು ನುಡಿ ಮುಗಿಯುವುದರೊಳಗೆ ಮಗು ಬಟ್ಟೆ ಎಸೆದು ಓಡಿಹೋಗಿತ್ತು.