ಮುನಿಕೃಷ್ಣಮ್ಮನ ಕಂಚಿನ ಬಟ್ಟಲು

ಭೂಪಸಂದ್ರದಲ್ಲಿ ಯಾವ ಮನೆಯ ಕೂಸು ಮೊಲೆ ಬಿಟ್ಟರೂ, ಕುಡಿದದ್ದನ್ನೆಲ್ಲ ಕಕ್ಕಿದರೂ, ನೀರುನೀರಾಗಿ ಭೇದಿ ಮಾಡಿಕೊಂಡರೂ ಮೊದಲು ಕರೆ ಹೋಗುತ್ತಿದ್ದದ್ದು ಮುನಿಕೃಷ್ಣಮ್ಮನಿಗೆ. ಐವತ್ತರ ದಶಕದ ಮಾತು. ಹೆಬ್ಬಾಳದ ಸುತ್ತ ಆಗ ಡಾಕ್ಟರು ಅಂದರೆ ದನದ ಡಾಕ್ಟರು. ಮನುಷ್ಯರ ಡಾಕ್ಟರು ಬೇಕಾದರೆ ಗಾಡಿ ಕಟ್ಟಿಕೊಂಡು ಮಲ್ಲೇಶ್ವರಕ್ಕೆ ಹೋಗಬೇಕು. ಮಾರ್ಕೆಟ್ಟಿಗೆಂದು ಗಾಡಿಗೆ ತುಂಬಿದ ಸೊಪ್ಪನ್ನು ಕೂಸಿಗಾಗಿ ಯಾರೂ ಇಳಿಸುತ್ತಿರಲಿಲ್ಲ. ಮುನಿಕೃಷ್ಣಮ್ಮನಾದರೆ ನಡೆದೇ ಬರುತ್ತಿದ್ದಳು. ಸೆರಗಿನ ಗಂಟಿನಲ್ಲಿ ಒಂದು ಸಣ್ಣ ಕಂಚಿನ ಬಟ್ಟಲು, ದವಡೆಯಲ್ಲಿ ಹೊಗೆಸೊಪ್ಪು.

ಅವಳು ಮಾಡುತ್ತಿದ್ದದ್ದು ಇಷ್ಟೇ. ತಾಯಿಯ ಮೊಲೆಹಾಲನ್ನು ಬಟ್ಟಲಿಗೆ ಹಿಂಡಿಸುವುದು. ಹೊಸಿಲ ಸಂದಿಯಿಂದ ಒಂದು ಕಪ್ಪಿರುವೆ ಹಿಡಿದು ಅದರೊಳಗೆ ಬಿಡುವುದು. ಇರುವೆ ಅಂಚು ಹತ್ತಿ ಹೊರಗೆ ಬಂದರೆ ಹಾಲು ಚೆನ್ನಾಗಿದೆ, ಕೂಸಿನ ಕಾಯಿಲೆ ದೃಷ್ಟಿಯೋ ಶೀತವೋ ಇನ್ನೇನೋ. ಇರುವೆ ಒಳಗೇ ಸತ್ತರೆ ಹಾಲು ಕೆಟ್ಟಿದೆ. ಆಮೇಲೆ ಮಾತೇ ಇಲ್ಲ. ತಾಯಿಯ ಎದೆಗೆ ಹಳೇ ಪಂಚೆ ಬಿಗಿದು ಕಟ್ಟಬೇಕು, ಕೂಸಿಗೆ ಮೊಲೆ ಬಿಡಿಸಬೇಕು. ಭೇದಿ ನಿಲ್ಲುವ ತನಕ ನೀರೂ ಕೊಡುವ ಹಾಗಿಲ್ಲ, ಒಳಗೆ ಹಾಕಿದ್ದೇ ಹೊರಗೆ ಬರುತ್ತದೆ ಅನ್ನುವುದು ಅವಳ ನಂಬಿಕೆ. ತುಟಿಗೆ ಒದ್ದೆ ಬಟ್ಟೆ ಒತ್ತಬಹುದು, ಅಷ್ಟೆ. ಹಿಂಡಿದ ಹಾಲನ್ನು ಯಾರೂ ತುಳಿಯದ ಹಾಗೆ ಊರಾಚೆಯ ಎಕ್ಕದ ಗಿಡದ ಬುಡಕ್ಕೆ ಸುರಿಯಬೇಕು.

ಕೆಲವು ಕೂಸು ಬದುಕಿದವು, ಬಹಳಷ್ಟು ಸತ್ತವು. ಬದುಕಿದರೆ ಬಟ್ಟಲಿನ ಮಹಿಮೆ, ಸತ್ತರೆ ಹಾಲಿನ ವಿಷ. ಹೀಗಾಗಿ ಮುನಿಕೃಷ್ಣಮ್ಮನದು ತಪ್ಪು ಅಂತ ಯಾರೂ ಅನ್ನಲಿಲ್ಲ. ಅವಳು ಯಾರ ಹತ್ತಿರವೂ ಒಂದು ಕಾಸು ಮುಟ್ಟಿದವಳಲ್ಲ. ಮೋಸಗಾರ್ತಿಯಾಗಿದ್ದರೆ ಈ ಕತೆ ಬರೆಯುವುದು ಸುಲಭವಾಗುತ್ತಿತ್ತು.

ಬಟ್ಟಲು ಅವಳಿಗೆ ಅತ್ತೆಯಿಂದ ಬಂದದ್ದು. ಆ ಅತ್ತೆ ಇದೇ ಬಟ್ಟಲಲ್ಲಿ ಸೊಸೆಯ ಹಾಲನ್ನು ನಾಲ್ಕು ಸಲ ನೋಡಿದ್ದಳು. ನಾಲ್ಕು ಸಲವೂ ಇರುವೆ ಸತ್ತಿತ್ತು, ನಾಲ್ಕು ಕೂಸೂ ಹೋಗಿದ್ದವು. ಐದನೆಯವನು ಪಿಳ್ಳಣ್ಣ. ಅವನಿಗೂ ಹಲ್ಲು ಬರುವಾಗ ಭೇದಿ ಹತ್ತಿತ್ತು. ಅಷ್ಟರಲ್ಲಿ ಅತ್ತೆ ತೀರಿಕೊಂಡಿದ್ದಳು, ಮನೆಯಲ್ಲಿ ಹಾಲು ನೋಡುವವರು ಯಾರೂ ಇರಲಿಲ್ಲ. ಮುನಿಕೃಷ್ಣಮ್ಮ ದಿಕ್ಕು ತೋಚದೆ, ಕೂಸು ಅತ್ತಾಗೆಲ್ಲ ಮೊಲೆ ಕೊಟ್ಟಳು. ಪಿಳ್ಳಣ್ಣ ಬದುಕಿದ. ದೇವರು ಕೊಟ್ಟ ಅಂದುಕೊಂಡು ಹರಕೆ ತೀರಿಸಿ ಬಂದಳೇ ಹೊರತು ಬೇರೆ ಏನೂ ಯೋಚನೆ ಮಾಡಲಿಲ್ಲ.

ಇದನ್ನೆಲ್ಲ ನನಗೆ ಹೇಳಿದವಳು ಪಿಳ್ಳಣ್ಣನ ಹೆಂಡತಿ ಲಕ್ಕಮ್ಮ. ಅರವತ್ತೆಂಟರಲ್ಲಿ ಜಮೀನು ಬಿಡಬೇಕೆಂದು ಸರ್ಕಾರದ ನೋಟೀಸು ಬಂದು ಊರಿನವರೆಲ್ಲ ಕಚೇರಿ ಮುಂದೆ ಹಗಲಿಡೀ ಕೂತಿರುತ್ತಿದ್ದ, ನಾನು ಅವರ ಪರ ಭಾಷಣ ಮಾಡಲು ಹೋಗುತ್ತಿದ್ದ ದಿನಗಳಲ್ಲಿ, ಸೊಪ್ಪು ಬಿಡಿಸುವವಳ ಹಾಗೆ ನೆಲ ನೋಡುತ್ತ ಹೇಳಿದಳು.

ಐವತ್ತಾರರಲ್ಲಿ ಲಕ್ಕಮ್ಮನಿಗೆ ಮೊದಲ ಕೂಸು, ಹೆಣ್ಣು. ಐದನೇ ತಿಂಗಳಲ್ಲಿ ವಾಂತಿ ಶುರುವಾಯಿತು, ಮಾರನೇ ದಿನ ಭೇದಿ. ಮುನಿಕೃಷ್ಣಮ್ಮ ಊರವರ ಕೂಸಿಗೆ ಮಾಡಿದ್ದನ್ನೇ ಮೊಮ್ಮಗಳಿಗೂ ಮಾಡಿದಳು. ಬಟ್ಟಲ ಅರ್ಧದವರೆಗೆ ಹಾಲು ಹಿಂಡಿಸಿ ಇರುವೆ ಬಿಟ್ಟಳು. ಇರುವೆ ಸ್ವಲ್ಪ ಹೊತ್ತು ಕಾಲು ಬಡಿದು ಸುಮ್ಮನಾಯಿತು.

ಮೂರನೇ ದಿನ ಲಕ್ಕಮ್ಮ ಅತ್ತೆಯ ಕಾಲು ಹಿಡಿದಳು.

"ಒಂದು ಗುಟುಕು ನೀರಾದ್ರೂ ಬಿಡಾನ ಕಣತ್ತೆ. ನಾಲ್ಗೆ ನೋಡು, ಒಣಗಿದ ಎಲೆ ಆದಂಗೆ ಆಗದೆ."

"ಬಿಡು. ಬಿಟ್ಟು ಕೂಸ್ನ ಕಳ್ಕೋ. ನಾಕು ಎತ್ತಿ ಮಣ್ಣು ಮಾಡ್ದೋಳು ಕಣೇ ನಾನು. ನಂಗೇ ಏಳ್ಕೊಡಾಕ್ ಬಂದ್ಳು ಇವ್ಳು!"

ಕೂಸು ಅಳುವುದನ್ನು ಬಿಟ್ಟಿತ್ತು. ಕಣ್ಣೀರೂ ಇರಲಿಲ್ಲ. ಬರೀ ಬಾಯಲ್ಲಿ ಗಾಳಿಯನ್ನು ಚೀಪುತ್ತಿತ್ತು. ಚಪ್, ಚಪ್. ಒಣತುಟಿ ಒಂದಕ್ಕೊಂದು ಅಂಟಿ ಬಿಡುವ ಸದ್ದು. ಪಂಚೆ ಬಿಗಿದ ಲಕ್ಕಮ್ಮನ ಎದೆ ಆ ಸದ್ದಿಗೇ ಸೋರಿ ರವಿಕೆ ತೊಯ್ಯುತ್ತಿತ್ತು. ಎರಡು ಮಾರು ದೂರದಲ್ಲಿ ಹಾಲು, ಇಲ್ಲಿ ಬಾಯಾರಿದ ಕೂಸು, ನಡುವೆ ಒಂದು ಸತ್ತ ಇರುವೆ. ಮಧ್ಯಾಹ್ನ ರೊಟ್ಟಿ ತಟ್ಟುವ ಹೊತ್ತಿಗೆ ಚಪ್ ಅನ್ನುವುದು ನಿಂತಿತು.

ಕೂಸನ್ನು ಮಣ್ಣು ಮಾಡಿದ ಮೇಲೂ ಹನ್ನೆರಡು ದಿನ ಹಾಲು ಇಳಿಯುತ್ತಲೇ ಇತ್ತು. ಹಿಂಡಿದ್ದನ್ನು ಎಕ್ಕದ ಬುಡಕ್ಕೆ ಸುರಿಯುವುದು ಅತ್ತೆಯ ಕೆಲಸ. ನಾಲ್ಕನೇ ದಿನವೋ ಐದನೇ ದಿನವೋ ಅವಳು ಹೋದಾಗ ಹಿಂದಿನ ದಿನ ಸುರಿದ ಜಾಗದಲ್ಲಿ ಇರುವೆ ಮುತ್ತಿದ್ದವು. ಕಪ್ಪಿರುವೆ, ಅದೇ ಜಾತಿ. ಹಸಿ ಮಣ್ಣಿಗೆ ಬಾಯಿಟ್ಟು ಹೀರಿ, ಸಾಲುಗಟ್ಟಿ ಬಂದು ಸಾಲುಗಟ್ಟಿ ಹೋಗುತ್ತಿದ್ದವು. ಒಂದೂ ಸತ್ತಿರಲಿಲ್ಲ.

ಮುನಿಕೃಷ್ಣಮ್ಮ ಬಹಳ ಹೊತ್ತು ನಿಂತು ನೋಡಿದಳು. ಆಮೇಲೆ ಕಾಲಿನಿಂದ ಮಣ್ಣು ಎಳೆದು ಆ ಜಾಗ ಮುಚ್ಚಿದಳು. ಹಿಂದೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಲಕ್ಕಮ್ಮ ಇರುವೆಯನ್ನೂ ಕಂಡಳು, ಮಣ್ಣನ್ನೂ ಕಂಡಳು. ಒಬ್ಬರ ಹಿಂದೆ ಒಬ್ಬರು ಮನೆಗೆ ಬಂದರು.

ಅಂದಿನಿಂದ ಆ ಮನೆಯಲ್ಲಿ ನಡುಮಧ್ಯಾಹ್ನ ಒಂದು ಸದ್ದು ಬರತೊಡಗಿತು. ಗಂಡಸರು ಹೊಲಕ್ಕೆ ಹೋಗಿ, ಬೀದಿಯಲ್ಲಿ ನಾಯಿಯೂ ಮಲಗಿದ ಹೊತ್ತಲ್ಲಿ, ಒಳಕೋಣೆಯ ಗೋಡೆ ಕಡೆಯಿಂದ ಚಪ್, ಚಪ್. ಹಲ್ಲಿ ಅಂದುಕೊಂಡು ಮುನಿಕೃಷ್ಣಮ್ಮ ಪೊರಕೆ ಹಿಡಿದು ಹೋದಳು. ಹಲ್ಲಿ ಇರಲಿಲ್ಲ. ಬೆಕ್ಕು ಅಂದುಕೊಂಡು ಹಾಲಿನ ಗಡಿಗೆ ನೋಡಿದಳು. ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ಒಮ್ಮೆ ರಾಗಿ ಬೀಸುತ್ತಿದ್ದವಳು ಕಲ್ಲು ನಿಲ್ಲಿಸಿ ತಲೆ ಎತ್ತಿದಳು. ಎದುರಿಗೆ ಕೂತಿದ್ದ ಸೊಸೆಯೂ ತಲೆ ಎತ್ತಿದ್ದಳು. ಒಂದೇ ಗಳಿಗೆಗೆ.

ಅತ್ತೆ ಮತ್ತೆ ಕಲ್ಲು ತಿರುಗಿಸಿದಳು, ಜೋರಾಗಿ.

ಪಿಳ್ಳಣ್ಣ ಹೆಬ್ಬಾಳದಲ್ಲಿ ದನದ ಫಾರಂ ಒಂದರಲ್ಲಿ ಕೊಟ್ಟಿಗೆ ಕೆಲಸಕ್ಕೆ ಸೇರಿದ. ಅರವತ್ತೆರಡರಲ್ಲಿ ಲಕ್ಕಮ್ಮನಿಗೆ ಎರಡನೇ ಕೂಸು ಹುಟ್ಟಿತು, ಗಂಡು. ಅದಕ್ಕೆ ಮೂರು ತಿಂಗಳಾಗಿದ್ದಾಗ ಒಂದು ದಿನ ಪಿಳ್ಳಣ್ಣ ಮುದ್ದೆ ಮುರಿಯುತ್ತ ನಗುತ್ತ ಹೇಳಿದ.

"ನಮ್ಮ ಡಾಕ್ಟ್ರುಗೆ ತಲೆ ಕೆಟ್ಟದೆ ಕಣವ್ವ. ಭೇದಿ ಆಯ್ತಿರೋ ಕರುಗೆ ಉಪ್ಪು ಬೆಲ್ಲ ಕದಡಿ ನೀರ್ ಕುಡುಸ್ತಾರೆ. ಗಳಿಗೆಗೊಂದ್ ಸಲ, ಸೀಸೇಲಿ. ತಾಯಿ ಮೊಲೆನೂ ಬುಡ್ಸಲ್ಲ."

"ಸಾಯ್ತದೆ ಬುಡು," ಅಂದಳು ಮುನಿಕೃಷ್ಣಮ್ಮ.

"ಎಲ್ ಸಾಯ್ತದೆ? ಇವತ್ತು ನನ್ನೇ ಗುಮ್ಮಾಕ್ ಬಂತು. ಒಳಗಿನ ನೀರೆಲ್ಲ ವೊಂಟೋಯ್ತದಂತೆ, ತುಂಬುಸ್ಬೇಕಂತೆ. ಅದ್ಕೇ ಅಂತೆ."

ಲಕ್ಕಮ್ಮ ಸಾರು ಬಡಿಸುತ್ತಿದ್ದಳು. ಸೌಟು ಅಲ್ಲೇ ನಿಂತಿತು. ಅತ್ತೆ ಎದ್ದು ಹೊರಗೆ ಹೋಗಿ ಹೊಗೆಸೊಪ್ಪು ಉಗಿದಳು. ಇನ್ನೂ ಅರ್ಧ ರಸ ಇತ್ತು ಅದರಲ್ಲಿ.

ತಿಂಗಳು ಕಳೆಯುವುದರೊಳಗೆ ಗಂಡುಕೂಸಿಗೂ ವಾಂತಿ ಹತ್ತಿತು. ಎರಡನೇ ದಿನಕ್ಕೆ ಭೇದಿ, ಮೂರನೇ ದಿನಕ್ಕೆ ನೆತ್ತಿ ಗುಳಿ ಬಿತ್ತು, ಕಣ್ಣು ಒಳಗೆ ಹೋಯಿತು. ಮಧ್ಯಾಹ್ನ ಮುನಿಕೃಷ್ಣಮ್ಮ ಬಟ್ಟಲು ತಂದು ಸೊಸೆಯ ಮುಂದಿಟ್ಟಳು.

"ಇಂಡು."

"ಇಂಡಲ್ಲ."

"ಲೇ, ಕೂಸು ಓಯ್ತದೆ ಕಣೇ!"

ಲಕ್ಕಮ್ಮ ಎದ್ದು ಗಡಿಗೆಯಿಂದ ಹಸುವಿನ ಹಾಲು ತಂದು ಬಟ್ಟಲ ಅರ್ಧಕ್ಕೆ ಸುರಿದಳು. ಆ ದಿನ ಬೆಳಿಗ್ಗೆ ಮನೆಯವರೆಲ್ಲ ಕಾಫಿಗೆ ಹಾಕಿಕೊಂಡಿದ್ದ ಹಾಲು.

"ಇರ್ವೆ ಬುಡು ಅತ್ತೆ."

"ಇದೇನೇ ಉಡುಗಾಟ?"

"ಬುಡು ಅಂದೆ."

ಮುನಿಕೃಷ್ಣಮ್ಮ ಬಿಡಲಿಲ್ಲ. ಲಕ್ಕಮ್ಮನೇ ಹೊಸಿಲಿಂದ ಒಂದು ಇರುವೆ ತಂದು ಬಿಟ್ಟಳು. ಅದು ಕಾಲು ಬಡಿದು ಸತ್ತಿತು. ಹಾಲು ಚೆಲ್ಲಿ, ಬಟ್ಟಲು ತೊಳೆದು, ಬಾವಿಯ ನೀರು ಹಾಕಿ ಇನ್ನೊಂದು ಬಿಟ್ಟಳು. ಅದೂ ಸತ್ತಿತು.

"ನಮ್ಮ ಬಾವಿ ನೀರೂ ಇಸಾನಾ ಅತ್ತೆ? ಊರೆಲ್ಲ ಕುಡೀತದಲ್ಲ?"

ಅತ್ತೆ ಬಟ್ಟಲನ್ನೇ ನೋಡುತ್ತಿದ್ದಳು. ಲಕ್ಕಮ್ಮ ಕೊನೆಗೆ ಒಂದೇ ಹನಿ ನೀರು ಬಿಟ್ಟು ಮೂರನೇ ಇರುವೆ ಹಾಕಿದಳು. ಅದು ಹನಿಯ ಸುತ್ತ ಒಂದು ಸುತ್ತು ಬಂದು, ಮೀಸೆ ಅಲ್ಲಾಡಿಸಿ, ಅಂಚು ಹತ್ತಿ ಮುನಿಕೃಷ್ಣಮ್ಮನ ಹೆಬ್ಬೆರಳ ಮೇಲೆ ನಡೆದು ಹೋಯಿತು.

ಅವಳ ಕೈ ಯಾವತ್ತೂ ಹಾಗೇ ನಡೆದಿತ್ತು. ಗುಂಡುಗುಂಡಾಗಿರುವ ಕೂಸಿಗೆ ನೆಗಡಿ ಅಂದರೆ ಎರಡು ಹನಿ ಸಾಕು ಅನ್ನುತ್ತಿದ್ದಳು. ಭೇದಿಯ ಕೂಸಾದರೆ ಭಯಕ್ಕೆ, ಚೆನ್ನಾಗಿ ನೋಡೋಣ ಅಂತ, ಬಟ್ಟಲ ಅರ್ಧ ಹಿಂಡಿಸುತ್ತಿದ್ದಳು. ಅವಳ ಅತ್ತೆಯೂ ಹಾಗೇ ಮಾಡುತ್ತಿದ್ದಳು. ಕೂಸಿನ ಮೇಲೆ ಭಯ ಹೆಚ್ಚಾದಷ್ಟೂ ಹಾಲು ಆಳವಾಗುತ್ತಿತ್ತು.

"ಯಕ್ಕದ ಬುಡದಾಗೆ ಇರ್ವೆ ಸಾಲ್ನ ನಾನೂ ಕಂಡಿದ್ದೆ ಕಣತ್ತೆ," ಅಂದಳು ಲಕ್ಕಮ್ಮ. "ನೀನು ಮಣ್ಣು ಎಳ್ದಿದ್ದೂ ಕಂಡಿದ್ದೆ."

ಮುನಿಕೃಷ್ಣಮ್ಮ ಬೈಯುತ್ತಾಳೆ, ಹೊಡೆಯುತ್ತಾಳೆ ಅಂತ ಸೊಸೆ ಕಾದಳು. ಅತ್ತೆ ಗೋಡೆಗೆ ಒರಗಿ ಕುಸಿದು ಕೂತಳು. "ನಾಕು," ಅಂದಳು. ಸೊಸೆಯ ಕಡೆ ನೋಡಿ, "ನಿಂದು ಸೇರಿ ಐದು," ಅಂದಳು. ಆಮೇಲೆ ಊರ ಮನೆಗಳನ್ನು ಒಂದೊಂದಾಗಿ ನೆನಸಿಕೊಳ್ಳುವವಳ ಹಾಗೆ ತುಟಿ ಅಲ್ಲಾಡಿಸಿದಳು, ಸದ್ದು ಬರಲಿಲ್ಲ.

ಲಕ್ಕಮ್ಮ ಕೂಸನ್ನು ಮೊಲೆಗೆ ಹಾಕಿಕೊಂಡಳು. ಚೀಪಲು ಅದಕ್ಕೆ ಶಕ್ತಿ ಇರಲಿಲ್ಲ. ಹಿಂಡಿ ಬಾಯಿಗೆ ಬಿಟ್ಟಳು. ಪಿಳ್ಳಣ್ಣ ಡಾಕ್ಟರನ್ನು ಕೇಳಿಕೊಂಡು ಬಂದ. ಡಾಕ್ಟರು ಬೈದರಂತೆ, "ನಾನು ದನದವನು ಕಣಯ್ಯ, ಕೂಸನ್ನ ಆಸ್ಪತ್ರೆಗೆ ಎತ್ತಿಕೊಂಡು ಹೋಗು. ದಾರಿಯುದ್ದಕ್ಕೂ ಕುಡಿಸ್ತಾ ಹೋಗು." ಗಾಡಿಯಿಂದ ಸೊಪ್ಪು ಇಳಿಸಿದರು. ಕಾಯಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು, ಚೂರು ಬೆಲ್ಲ. ಮಲ್ಲೇಶ್ವರ ಮುಟ್ಟುವ ತನಕ ಲಕ್ಕಮ್ಮ ಚಮಚದಲ್ಲಿ ಬಿಡುತ್ತಲೇ ಇದ್ದಳು, ಕಕ್ಕಿದರೆ ಮತ್ತೆ ಬಿಟ್ಟಳು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಕೂಸು ಬದುಕಿ ಬಂತು. ಚನ್ನಕೇಶವ ಅಂತ ಹೆಸರಿಟ್ಟರು.

ಬಟ್ಟಲನ್ನು ಬಾವಿಗೆ ಎಸೆಯುತ್ತಾಳೆ ಅಂದುಕೊಂಡಿದ್ದಳು ಲಕ್ಕಮ್ಮ. ಎಸೆಯಲಿಲ್ಲ. ಊರವರು ಕರೆದರೆ ಮುನಿಕೃಷ್ಣಮ್ಮ ಮೊದಲಿನ ಹಾಗೇ ಹೋದಳು. ಆದರೆ ಈಗ ಎಂಥಾ ಕಾಯಿಲೆಯ ಕೂಸಾದರೂ ಒಂದೇ ಹನಿ ಹಿಂಡಿಸುವಳು. ಇರುವೆ ಎದ್ದು ಹೋಗುವುದು. "ಆಲು ಚೆಂದಾಗದೆ. ಬುಡುಸ್ಬೇಡ, ಕುಡುಸು," ಅನ್ನುವಳು. ಉಪ್ಪು ಬೆಲ್ಲದ ನೀರನ್ನು ಮುಂದಿಟ್ಟುಕೊಂಡು ಮಂತ್ರ ಹೇಳಿ ಕೊಡುವಳು. ಬರೀ ನೀರು ಅಂದರೆ ಯಾರೂ ಕುಡಿಸುತ್ತಿರಲಿಲ್ಲ, ಮಂತ್ರಿಸಿದ ನೀರನ್ನು ತಪ್ಪದೆ ಕುಡಿಸಿದರು. ಕುಡಿಸಿ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿ ಅಂತ ಹಟ ಹಿಡಿಯುವಳು. ಮೋಸ ಅಂದರೆ ಮೋಸವೇ. ಮುನ್ನೂರು ಜನ ಸೇರುವ ಕಡೆ ನಿಂತು ಸತ್ಯ ಕೂಗುವುದು ನನಗೆ ಗೊತ್ತು. ಮೂವತ್ತು ತಾಯಂದಿರ ಮನೆ ಬಾಗಿಲಲ್ಲಿ ನಿಂತು ಹೇಳಬೇಕಾದ ಸತ್ಯ ಬೇರೆ ತೂಕದ್ದು.

ಲಕ್ಕಮ್ಮ ಒಂದು ದಿನ ಅವಳ ಮಂತ್ರಕ್ಕೆ ಕಿವಿಗೊಟ್ಟಳು. ದೇವರ ಹೆಸರು ಒಂದೂ ಇರಲಿಲ್ಲ. "ಲಕ್ಷ್ಮಿದೇವಮ್ಮನ ಕೂಸು, ಮುನಿಶಾಮಿ ಮನೆ ಕೂಸು, ದ್ರೌಪದಮ್ಮನ ಕೂಸು..." ಸತ್ತವುಗಳಲ್ಲಿ ಎಷ್ಟಕ್ಕೋ ಇನ್ನೂ ಹೆಸರೇ ಇಟ್ಟಿರಲಿಲ್ಲ, ಅದಕ್ಕೆ ಮನೆಯ ಹೆಸರು.

ಚಪ್ ಅನ್ನುವ ಸದ್ದು ನಿಂತಿತಾ ಅಂತ ಕೇಳಿದೆ. "ನಂಗೆ ನಿಂತ್ಕಂತು," ಅಂದಳು ಲಕ್ಕಮ್ಮ. "ಅತ್ತೆಗೆ ಜಾಸ್ತಿ ಆಯ್ತು. ಒಂದಲ್ಲ ಅಂತಿದ್ಲು."

ಅರವತ್ತೇಳರ ಬೇಸಿಗೆಯಲ್ಲಿ ಬಾವಿಕಟ್ಟೆಯ ಹತ್ತಿರ ಅತ್ತೆ ಸೊಸೆ ಇಬ್ಬರಿಗೂ ದ್ರೌಪದಮ್ಮ ಸಿಕ್ಕಿದಳು. ಅವಳ ಗಂಡುಕೂಸು ಐವತ್ತೇಳರಲ್ಲಿ ಹೋಗಿತ್ತು, ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ. ಕೊಡ ಕೆಳಗಿಟ್ಟು ಮುನಿಕೃಷ್ಣಮ್ಮನನ್ನು ಕೇಳಿದಳು.

"ಅಕ್ಕ, ಒಂದ್ ಮಾತು. ಈಗ ಐದಾರು ವರ್ಸದಿಂದ ಯಾರ ಆಲಾಗೂ ಇರ್ವೆ ಸಾಯಾಕಿಲ್ವಂತೆ. ನನ್ ಆಲಾಗೇ ಯಾಕ್ ಸತ್ತೋಯ್ತು?"

ಹಗ್ಗ ಎಳೆಯುತ್ತಿದ್ದ ಲಕ್ಕಮ್ಮ ನಿಂತಳು. ಅತ್ತೆ ಏನಾದರೂ ಒಂದು ಸುಳ್ಳು ಹೇಳಿ ಮುಗಿಸಬಹುದಿತ್ತು. ಗ್ರಹ ಅನ್ನಬಹುದಿತ್ತು, ಹಣೆಬರಹ ಅನ್ನಬಹುದಿತ್ತು. ಮುನಿಕೃಷ್ಣಮ್ಮ ಸೆರಗಿನ ಗಂಟು ಬಿಚ್ಚಿ ಬಟ್ಟಲು ತೆಗೆದಳು.

"ನಿನ್ ಆಲು ಚೆಂದಾಗೇ ಇತ್ತು ಕಣೇ ದ್ರೌಪದಿ. ನಾನೇ ಜಾಸ್ತಿ ಇಂಡುಸ್ಬುಟ್ಟೆ. ಇರ್ವೆ ಮುಳುಗ್ಕಂತು."

ದ್ರೌಪದಮ್ಮ ಕೂದಲು ಹಿಡಿದು ಎಳೆಯಲಿಲ್ಲ, ಮಣ್ಣು ತೂರಲಿಲ್ಲ. ಬಟ್ಟಲನ್ನು ಕೈಗೆ ತೆಗೆದುಕೊಂಡು ಒಳಗೆ ನೋಡಿದಳು.

"ಎಷ್ಟು ಜಾಸ್ತಿ?" ಅಂದಳು.

ಮುನಿಕೃಷ್ಣಮ್ಮ ತೋರುಬೆರಳನ್ನು ಬಟ್ಟಲಿಗೆ ಇಳಿಸಿ ತೋರಿಸಿದಳು. ಒಂದು ಉಗುರಿನಷ್ಟು ಆಳ.